ಪಲ್ಯಕ್ಕೆ ಬೆಳ್ಳುಳ್ಳಿ ಮೊದಲೋ ಕೊನೆಗೋ? ಮುಂಬೈಯವರು ಸ್ವಲ್ಪ ಹೇಳಿ

ನಾಲ್ಕನೇ_ಮಹಡಿ (ಡೊಂಬಿವಲಿ):

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಮದುವೆಯಾದ ಮೇಲೆ ಡೊಂಬಿವಲಿಯಲ್ಲಿ ಮನೆ ಮಾಡಿದ್ದೇವೆ. ನಮ್ಮನೆಯವಳದ್ದು ಕುಂದಾಪುರದ ಕಡೆ, ಆದರೆ ಹುಟ್ಟಿ ಬೆಳೆದದ್ದೆಲ್ಲ ಮುಲುಂಡ್‌ನಲ್ಲಿ. ಅವಳ ಆಫೀಸು ಚರ್ಚ್‌ಗೇಟ್ ಕಡೆ, ಮನೆ ಸೇರುವಾಗ ರಾತ್ರಿ ಒಂಬತ್ತು. ನನಗೆ ಮನೆಯಿಂದಲೇ ಕೆಲಸ. ಹಾಗಾಗಿ ರಾತ್ರಿ ಅಡುಗೆ ನನ್ನದು, ಅದರಲ್ಲೇನೂ ತಕರಾರಿಲ್ಲ.

ವಿಷಯ ಏನಪ್ಪಾ ಅಂದ್ರೆ, ನಮ್ಮಮ್ಮನ ಅಡುಗೆಮನೆಗೆ ಬೆಳ್ಳುಳ್ಳಿ ಬಂದದ್ದೇ ಇಲ್ಲ. ಸಾರು, ಹುಳಿ, ಪಲ್ಯ ಎಲ್ಲಕ್ಕೂ ಇಂಗು. ನಾನು ಕಲಿತದ್ದೂ ಅದೇ. ಇವಳಿಗೆ ಬೆಳ್ಳುಳ್ಳಿ ಒಗ್ಗರಣೆ ಬೀಳದ ಸೊಪ್ಪು ಸೊಪ್ಪೇ ಅಲ್ಲ. ಅತ್ತೆಯವರನ್ನು ಫೋನಿನಲ್ಲಿ ಕೇಳಿದರೆ "ಅಂದಾಜಿಗೆ ನಾಲ್ಕು ಎಸಳು ಗುದ್ದಿ ಹಾಕಿ, ಪರಿಮಳ ಬಂದ ಕೂಡ್ಲೆ ಗೊತ್ತಾಗ್ತದೆ" ಅಂತಾರೆ. ಬೆಳ್ಳುಳ್ಳಿ ಪರಿಮಳವನ್ನೇ ಕಾಣದೆ ಬೆಳೆದವನಿಗೆ ಏನು ಗೊತ್ತಾಗಬೇಕು ಹೇಳಿ! ಯೂಟ್ಯೂಬ್ ನೋಡಿದರೆ ಒಬ್ಬರು ಸಾಸಿವೆಗಿಂತ ಮೊದಲೇ ಹಾಕ್ತಾರೆ, ಇನ್ನೊಬ್ಬರು ಗ್ಯಾಸ್ ಆರಿಸಿದ ಮೇಲೆ ಹಾಕ್ತಾರೆ.

ಆದ್ದರಿಂದ ಅನುಭವ ಇರುವವರು ಹೇಳಿ. ಯಾವ ತರಕಾರಿಗೆ ಯಾವಾಗ ಹಾಕಬೇಕು, ಹೆಚ್ಚಬೇಕೋ ಜಜ್ಜಬೇಕೋ, ಅಂಗಡಿಯ ಪೇಸ್ಟ್ ನಡೆಯುತ್ತಾ? ಇನ್ನೊಂದು, ಈಗ ಮಳೆಗಾಲ. ಸ್ಟೇಷನ್ ಹೊರಗೆ ಸಿಗುವ ಸೊಪ್ಪನ್ನು ನೀವೆಲ್ಲ ತಗೊಳ್ತೀರಾ, ಅಥವಾ ಸೆಪ್ಟೆಂಬರ್ ತನಕ ಬರೀ ಸೋರೆಕಾಯಿ, ಕ್ಯಾಬೇಜ್‌ನಲ್ಲೇ ದಿನ ದೂಡ್ತೀರಾ?

ಮಾಟುಂಗಾದ_ಅಕ್ಕ:

ಅಡುಗೆ ಮಾಡುವ ಅಳಿಯ ಸಿಕ್ಕಿದ್ದಕ್ಕೆ ನಿಮ್ಮ ಅತ್ತೆ ಪುಣ್ಯ ಮಾಡಿರಬೇಕು. ಇರಲಿ.

ಸೊಪ್ಪಿನಿಂದಲೇ ಶುರು ಮಾಡಿ, ಬೆಳ್ಳುಳ್ಳಿಯ ಕೈಹದ ಅಲ್ಲೇ ಬೇಗ ಕೂರುತ್ತದೆ. ಮಾರ್ಕೆಟ್‌ನಲ್ಲಿ ಲಾಲ್ ಮಾಠ ಅಂತ ಕೇಳಿ, ನಮ್ಮ ಕೆಂಪು ಹರಿವೆ ಅದೇ. ನಿಮ್ಮ ಮೈಸೂರಲ್ಲಿ ದಂಟಿನ ಸೊಪ್ಪು ಅಂತೀರಲ್ಲ, ಅದೇ ಜಾತಿ. ಕಟ್ಟು ಬಿಚ್ಚಿ ಕೊಳೆತ ಎಲೆ ತೆಗೆದು, ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿ ಐದು ನಿಮಿಷ ಬಿಡಿ. ಆಮೇಲೆ ನೀರು ಬಗ್ಗಿಸಬೇಡಿ, ಸೊಪ್ಪನ್ನೇ ಕೈಯಲ್ಲಿ ಎತ್ತಿ ಇನ್ನೊಂದು ಪಾತ್ರೆಗೆ ಹಾಕಿ. ಬಗ್ಗಿಸಿದರೆ ಅಡಿಯಲ್ಲಿ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬಂತು. ಮಳೆಗಾಲದಲ್ಲಿ ಪಾತ್ರೆ ಅಡಿಯಲ್ಲಿ ಮಣ್ಣು ಕಾಣದ ತನಕ ಹೀಗೇ ಮಾಡುತ್ತಾ ಇರಬೇಕು. ತೊಳೆದ ಮೇಲೆ ಹೆಚ್ಚಬೇಕು, ಹೆಚ್ಚಿ ತೊಳೆಯೋದಲ್ಲ. ಜಾಲರಿ ಬುಟ್ಟಿಯಲ್ಲಿ ನೀರು ಸೋರಲು ಬಿಡಿ, ಅಷ್ಟರಲ್ಲಿ ಬೆಳ್ಳುಳ್ಳಿ ಕೆಲಸ.

ಒಂದು ಕಟ್ಟು ಸೊಪ್ಪಿಗೆ ಏಳೆಂಟು ಸಣ್ಣ ಎಸಳು. ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ. ಎಣ್ಣೆ ಕಾದು ಸಾಸಿವೆ ಸಿಡಿದು ಉದ್ದಿನಬೇಳೆ ಇನ್ನೂ ಪೂರ್ತಿ ಕೆಂಪಾಗಿಲ್ಲ ಅನ್ನುವಾಗಲೇ ಉರಿ ಸಣ್ಣ ಮಾಡಿ ಬೆಳ್ಳುಳ್ಳಿ ಹಾಕಬೇಕು, ಯಾಕಂದ್ರೆ ಬೇಳೆ ಕೆಂಪಾಗುವುದೂ ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗುವುದೂ ಒಟ್ಟಿಗೇ ಆಗುತ್ತದೆ. ಅಂಚು ಮಾತ್ರ ನೋಡಿ, ನಡು ಬೆಳ್ಳಗೇ ಇರಲಿ. ಆ ಹೊತ್ತಿಗೆ ಒಣಮೆಣಸು ಮುರಿದು ಹಾಕಿ, ಕೂಡಲೇ ದಂಟು, ಅದು ಅರ್ಧ ಬೆಂದ ಮೇಲೆ ಎಲೆ. ಸೊಪ್ಪಿನ ನೀರು ಬಾಣಲೆಗೆ ಬಿದ್ದರೆ ಬೆಳ್ಳುಳ್ಳಿ ಅಲ್ಲಿಗೇ ನಿಲ್ಲುತ್ತದೆ, ಮುಂದೆ ಕಪ್ಪಾಗಲ್ಲ. ಮುಚ್ಚಳ ಬೇಡ, ಬೇರೆ ನೀರೂ ಬೇಡ. ಉಪ್ಪು ಕೊನೆಗೆ. ಹಸಿ ಸೊಪ್ಪಿನ ರಾಶಿ ನೋಡಿ ಉಪ್ಪು ಹಾಕಿದರೆ ಬೆಂದು ಹಿಡಿಯಷ್ಟಾದಾಗ ಬಾಯಿಗಿಡೋಕ್ಕಾಗಲ್ಲ.

ಸಮುದ್ರ ಮೇಥಿ ಅಂತ ಪುಟ್ಟ ಪುಟ್ಟ ಕಟ್ಟು ಮಾರುತ್ತಾರೆ ನೋಡಿ, ಬೇರಿನಲ್ಲಿ ಮರಳು ಇರುತ್ತದೆ. ಅದನ್ನೂ ಹೀಗೇ ಮಾಡಬಹುದು. ಆದರೆ ಬೇಗ ಬೇಯುತ್ತದೆ, ಎರಡು ನಿಮಿಷ ಸಾಕು. ಬೇರು ಕತ್ತರಿಸಿಯೇ ನೀರಿಗೆ ಹಾಕಿ, ಮರಳು ಹಲ್ಲಿಗೆ ಸಿಕ್ಕಿದರೆ ಪಲ್ಯ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಉಡುಪಿಯಿಂದ_ವಸಾಯಿಗೆ:

ಅಕ್ಕ ಹೇಳಿದ್ದು ಸರಿ, ಆದರೆ ಕುಂದಾಪುರದ ಹೆಂಡತಿಗೆ ಅದು ಸಾಕಾಗಲ್ಲ ಮಾರಾಯ್ರೆ. ಅವರು ಹೇಳುತ್ತಿರುವ ಬೆಳ್ಳುಳ್ಳಿ ಒಗ್ಗರಣೆ ಅಂದ್ರೆ ಕೊನೆಗೆ ಬೀಳುವುದು.

ತೆಂಗಿನೆಣ್ಣೆ ಬೇಕು. ಬೆಳ್ಳುಳ್ಳಿ ಸಣ್ಣ ಎಸಳಿನದ್ದು, ಹೊರಗಿನ ಒಣ ಸಿಪ್ಪೆ ಉದುರಿಸಿ, ಒಳಗಿನ ತೆಳು ಸಿಪ್ಪೆ ಇದ್ದ ಹಾಗೇ ಒಂದೇ ಪೆಟ್ಟಿಗೆ ಜಜ್ಜಬೇಕು. ಪುಡಿಯಾಗಬಾರದು, ಬಿರಿಯಬೇಕು ಅಷ್ಟೇ. ಆ ಸಿಪ್ಪೆ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ, ಒಳಗಿನ ತಿರುಳು ಬೇಗ ಸೀಯುವುದೂ ಇಲ್ಲ. ಸಣ್ಣ ಉರಿಯಲ್ಲಿ ಒಳ್ಳೆ ಕಂದು ಬಣ್ಣ ಬರುವ ತನಕ ಬಿಡಿ, ಅಕ್ಕ ಹೇಳಿದ ಹೊಂಬಣ್ಣಕ್ಕಿಂತ ಒಂದು ಹೆಜ್ಜೆ ಮುಂದೆ. ಹಲಸಿನ ಬೀಜ ಹಾಕಿದ ಬಸಳೆ ಸಾಂಬಾರಿಗೆ, ಹುರುಳಿ ಸಾರಿಗೆ, ಮಂಗಳೂರು ಸೌತೆಯ ಗಸಿಗೆ ಇದನ್ನು ಸುರಿದು ತಕ್ಷಣ ಮುಚ್ಚಳ ಮುಚ್ಚಿ. ಹತ್ತು ನಿಮಿಷ ತೆಗೆಯಬೇಡಿ. ಊಟಕ್ಕೆ ಕೂತು ಮುಚ್ಚಳ ತೆಗೆದಾಗ ಬರುವ ಪರಿಮಳವೇ ನಿಮ್ಮ ಅತ್ತೆ ಫೋನಿನಲ್ಲಿ ಹೇಳಿದ್ದು.

ಸೊಪ್ಪಿನ ವಿಷಯ. ಪಾಲಘರ್ ಲೈನಿನಲ್ಲಿ ಇರುವವರಿಗೆ ಒಂದು ಅನುಕೂಲ ಇದೆ, ಇಲ್ಲಿ ವಾಡಿಗಳಲ್ಲಿ ಈಗಲೂ ತರಕಾರಿ ಬೆಳೆಯುವವರಿದ್ದಾರೆ. ಬೆಳಗ್ಗೆ ಬುಟ್ಟಿ ಹೊತ್ತು ಲೋಕಲ್ ಹತ್ತುವ ಹೆಂಗಸರನ್ನು ನೀವೂ ನೋಡಿರಬಹುದು. ಅಂಥವರ ಹತ್ತಿರ ತಗೊಳ್ಳಿ. ಜುಲೈ ಆಗಸ್ಟ್‌ನಲ್ಲಿ ಅವರ ಬುಟ್ಟಿಯಲ್ಲಿ ಕಾಡು ಸೊಪ್ಪುಗಳೂ ಇರುತ್ತವೆ. ಟಾಕಳಾ ಅಂತ ಕೊಡುವುದು ನಮ್ಮೂರಿನ ತಜಂಕ್, ಎಳೆಯದು ಮಾತ್ರ ಆರಿಸಿ. ಕರ್ಟೋಲಿ ಅಂತ ಮುಳ್ಳುಮುಳ್ಳಾಗಿರುವ ಕಾಯಿ ಸಿಕ್ಕಿದರಂತೂ ಬಿಡಲೇಬೇಡಿ, ಮಾಡಹಾಗಲ ಅದೇ. ನಾಲ್ಕು ಸೀಳು ಮಾಡಿ ಬಲಿತ ಬೀಜ ತೆಗೆದು, ಜಜ್ಜಿದ ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲೇ ಬಾಡಿಸಿದರೆ ಬೇರೆ ಮಸಾಲೆಯೇ ಬೇಡ. ಬೆಲೆ ಮಾತ್ರ ಕೇಳಬೇಡಿ.

ಠಾಣೆಯ_ಕೆಮಿಸ್ಟ್ರಿ:

ಮೊದಲೋ ಕೊನೆಗೋ ಅನ್ನುವುದಕ್ಕಿಂತ ಮೊದಲು ಎಸಳನ್ನು ಎಷ್ಟು ಒಡೆದಿರಿ ಅನ್ನುವುದು ಮುಖ್ಯ. ನಾನು ಪಾಠ ಮಾಡುವವನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಇಡೀ ಎಸಳನ್ನು ಮೂಗಿಗೆ ಹಿಡಿದು ನೋಡಿ, ಅಷ್ಟೇನೂ ವಾಸನೆ ಇರಲ್ಲ. ಒಳಗೆ ಅಲ್ಲೀನ್ ಅನ್ನುವ ಗಂಧಕದ ಸಂಯುಕ್ತ ಒಂದು ಕಡೆ, ಅಲ್ಲಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ, ಬೇರೆಬೇರೆಯಾಗಿ ಕೂತಿರುತ್ತವೆ. ಚಾಕು ತಾಗಿದಾಗ ಎರಡೂ ಸೇರಿ ಅಲ್ಲಿಸಿನ್ ಆಗುತ್ತದೆ. ಆ ಖಾರ, ಆ ಘಾಟು ಎಲ್ಲ ಅದರದ್ದೇ. 1944ರಲ್ಲಿ ಅಮೆರಿಕದಲ್ಲಿ ಕ್ಯಾವಲಿಟೊ ಮತ್ತು ಬೈಲಿ ಅನ್ನುವವರು ಇದನ್ನು ಬೆಳ್ಳುಳ್ಳಿಯಿಂದ ಬೇರ್ಪಡಿಸಿ ತೋರಿಸಿದರು. ಹಾಗಾಗಿ ಎಷ್ಟು ಜಾಸ್ತಿ ಒಡೆಯುತ್ತೀರೋ ಅಷ್ಟು ಘಾಟು. ಅರೆದದ್ದು ಎಲ್ಲಕ್ಕಿಂತ ಜೋರು, ಜಜ್ಜಿದ್ದು ಅದರ ನಂತರ, ಹೆಚ್ಚಿದ್ದು ಇನ್ನೂ ಮೆತ್ತಗೆ. ಇಡೀ ಎಸಳನ್ನು ಕುದಿಯುವ ಹುಳಿಗೆ ಹಾಕಿದರೆ ಶಾಖಕ್ಕೆ ಕಿಣ್ವ ಸತ್ತುಹೋಗಿ ಅಲ್ಲಿಸಿನ್ ಹುಟ್ಟುವುದೇ ಇಲ್ಲ, ಎಸಳು ಬಟಾಟೆಯ ಹಾಗೆ ಮೆತ್ತಗೆ ಸಿಹಿಯಾಗುತ್ತದೆ. ಬೆಳ್ಳುಳ್ಳಿಗೆ ಹೊಸಬರಾದ ನಿಮಗೆ ಅಲ್ಲಿಂದ ಶುರು ಮಾಡುವುದು ಸುಲಭ. ಜೋರು ರುಚಿಯೇ ಬೇಕು ಅಂದರೆ ಜಜ್ಜಿ ಹತ್ತು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಎಣ್ಣೆಗೆ ಹಾಕಿ, ಕಿಣ್ವ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ.

ಇನ್ನು ಸೀಯುವುದು. ಈರುಳ್ಳಿಯಲ್ಲಿ ನೂರಕ್ಕೆ 89ರಷ್ಟು ನೀರು. ಬೆಳ್ಳುಳ್ಳಿಯಲ್ಲಿ 60ರ ಆಸುಪಾಸು ಮಾತ್ರ, ಉಳಿದದ್ದರಲ್ಲಿ ಸಕ್ಕರೆಯ ಜಾತಿಯವೇ ಜಾಸ್ತಿ. ಈರುಳ್ಳಿ ತನ್ನ ನೀರು ಆರುವ ತನಕ ನಿಮಗೆ ಟೈಮ್ ಕೊಡುತ್ತದೆ, ಬೆಳ್ಳುಳ್ಳಿ ಕೊಡಲ್ಲ. ಪಲ್ಯಕ್ಕೆ ಎರಡೂ ಹಾಕುವುದಾದರೆ ಈರುಳ್ಳಿ ಬಾಡಿದ ಮೇಲೇ ಬೆಳ್ಳುಳ್ಳಿ ಹಾಕಿ. ಎರಡನ್ನೂ ಒಟ್ಟಿಗೆ ಹಾಕುವ ವಿಡಿಯೋ ಯಾವುದಿದ್ದರೂ ಮುಚ್ಚಿಬಿಡಿ.

ಧಾರವಾಡ_ಪುಣೆ:

ಕೆಮಿಸ್ಟ್ರಿ ಸರ್, ಪಾಠ ಚೆನ್ನಾಗಿತ್ತು. ಆದರೆ ನೀವೆಲ್ಲ ಬಳ್ಳೊಳ್ಳಿಯನ್ನು ಎಣ್ಣೆಗೆ ಹಾಕುವುದರಲ್ಲೇ ಇದ್ದೀರಿ. ನಮ್ಮಲ್ಲಿ ಹಸಿಯಾಗಿಯೂ ತಿನ್ನುತ್ತೇವೆ, ಅದನ್ನು ಯಾರೂ ಹೇಳಲೇ ಇಲ್ಲ. ಒಣಮೆಣಸಿನಕಾಯಿ ಖಾರ, ಬಳ್ಳೊಳ್ಳಿ, ಉಪ್ಪು, ಜೀರಿಗೆ ಕಲ್ಲಲ್ಲಿ ಕುಟ್ಟಿ ಮೇಲೆ ಶೇಂಗಾ ಎಣ್ಣೆ ಬಿಟ್ಟು ಜೋಳದ ರೊಟ್ಟಿ ಜೊತೆ ತಿಂದು ನೋಡಿ, ಪಲ್ಯದ ಚಿಂತೆಯೇ ಹೋಗುತ್ತದೆ.

ಪಲ್ಯವೇ ಬೇಕು ಅಂದರೆ ಪುಂಡಿ ಪಲ್ಯ ಮಾಡಿ. ಇಲ್ಲಿ ಪುಣೆಯಲ್ಲಿ ಅಂಬಾಡಿ ಅಂತ ಕೇಳಿದರೆ ಕೊಡುತ್ತಾರೆ, ಮುಂಬೈಯಲ್ಲೂ ಅದೇ ಹೆಸರು. ಎಲೆ ಬಿಡಿಸಿ ಬೇಯಿಸಿ, ಹುಳಿ ಜಾಸ್ತಿ ಅನಿಸಿದರೆ ಮೊದಲ ನೀರು ಬಸಿದುಬಿಡಿ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು ಸೇರಿಸಿ ಮತ್ತೆ ಬೇಯಿಸಿ ಕಡಗೋಲಲ್ಲಿ ತಿರುವಿ. ಹಸಿಮೆಣಸಿನಕಾಯಿ ಅದರಲ್ಲೇ ಬೇಯಲಿ. ಬಳ್ಳೊಳ್ಳಿ ಮಾತ್ರ ಧಾರಾಳ ಬೇಕು, ಒಂದು ಇಡೀ ಗಡ್ಡೆ ಹಾಕಿದರೂ ಹುಳಿ ಅದನ್ನು ನುಂಗಿಕೊಳ್ಳುತ್ತದೆ. ಅರ್ಧ ಬೇಯುವಾಗ, ಅರ್ಧ ಒಗ್ಗರಣೆಗೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಮೊದಲೂ ಹೌದು, ಕೊನೆಗೂ ಹೌದು.

ಪೇಸ್ಟ್ ಬಗ್ಗೆ ಕೇಳಿದಿರಿ. ಮಾಂಸದ ಸಾರಿಗೆ ನಡೆಯುತ್ತದೆ, ಸೊಪ್ಪಿಗೆ ಬೇಡವೇ ಬೇಡ. ಡಬ್ಬಿ ಪೇಸ್ಟ್‌ನಲ್ಲಿ ಹುಳಿ, ಉಪ್ಪು ಎಲ್ಲ ಸೇರಿಸಿರುತ್ತಾರೆ, ಮೇಲಾಗಿ ನೀರಿನ ಅಂಶ ಇರುವುದರಿಂದ ಕಾದ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಬಾಣಲೆಗೆ ಅಂಟುತ್ತದೆ. ಬಿಡಿಸಿದ ಎಸಳಿನ ಪ್ಯಾಕೆಟ್ ಪರವಾಗಿಲ್ಲ, ಒದ್ದೆಯಾಗಿ ಜಾರುತ್ತಿದ್ದರೆ ಮಾತ್ರ ತಗೋಬೇಡಿ. ಎಸಳು ಬಿಡಿಸುವುದೇ ಬೇಸರ ಅಂದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ, ಸಿಪ್ಪೆ ತಾನಾಗೇ ಜಾರುತ್ತದೆ.

ಇಂಗಿನ_ಪಕ್ಷ (ಮುಲುಂಡ್):

ಎಲ್ಲರೂ ಸೇರಿ ಮೈಸೂರಿನ ಹುಡುಗನನ್ನು ಪೂರ್ತಿ ಆ ಕಡೆ ಎಳೆದುಕೊಂಡಿರಿ. ಒಂದು ಮಾತು ನಮ್ಮ ಕಡೆಯಿಂದಲೂ ಇರಲಿ. ಬೆಳ್ಳುಳ್ಳಿ ಬಿದ್ದರೆ ಬೇರೆ ಯಾವ ರುಚಿಯೂ ಉಳಿಯದ ತರಕಾರಿಗಳಿವೆ. ಎಳೆ ಹೀರೆಕಾಯಿ, ಪಡುವಲ, ಹಸಿ ಬಟಾಣಿ, ಬೂದುಗುಂಬಳ, ಇವಕ್ಕೆ ಇಂಗು ಸಾಕು, ಕೆಲವಕ್ಕೆ ಅದೂ ಬೇಡ. ಮಾಟುಂಗಾದಲ್ಲಿ ಮಟ್ಟುಗುಳ್ಳ ಬಂದಾಗ ಅದರ ಮೇಲೆ ಬೆಳ್ಳುಳ್ಳಿ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬರೀ ಬದನೆಯಲ್ಲವಲ್ಲ ಅದು, 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಕಾಯಿ! ಅದರ ರುಚಿ ಸ್ವಲ್ಪ ಸಿಗಲಿ ಬಾಯಿಗೆ. ಒಂದೇ ಒಗ್ಗರಣೆಗೆ ಇಂಗು, ಬೆಳ್ಳುಳ್ಳಿ ಎರಡೂ ಹಾಕುವವರೂ ಇದ್ದಾರೆ, ಆ ಜಗಳ ಬೇರೆ ದಿನ ಮಾಡೋಣ.

ಉಡುಪಿಯಿಂದ_ವಸಾಯಿಗೆ:

ಪಕ್ಷದವರೇ, ಮಟ್ಟುಗುಳ್ಳಕ್ಕೆ ಬೆಳ್ಳುಳ್ಳಿ ಹಾಕಿ ತಿನ್ನುವವರು ಉಡುಪಿಯಲ್ಲೇ ಬೇಕಾದಷ್ಟು ಜನ ಇದ್ದಾರೆ, ಸಂಕಟ ಪಡಬೇಡಿ. ಪಡುವಲದ ಮಾತು ಒಪ್ಪಿದೆ.

ನಾಲ್ಕನೇ_ಮಹಡಿ (ಡೊಂಬಿವಲಿ):

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅಕ್ಕ ಹೇಳಿದ ಹಾಗೆ ಲಾಲ್ ಮಾಠ ಮಾಡಿದೆ. ಅಂಚು ನೋಡುವ ಉಪಾಯ ಭಾಳ ಸರಿ ಇದೆ. ಅವಳು ಏನೂ ಹೇಳದೆ ಎರಡನೇ ಸಲ ಬಡಿಸಿಕೊಂಡಳು, ಅಂದ್ರೆ ಪಾಸ್.

ಇನ್ನೂ ಕೆಲವು ಸಣ್ಣ ಅನುಮಾನ. 2024ರ ಶುರುವಿನಲ್ಲಿ ಬೆಳ್ಳುಳ್ಳಿ ಕೆಜಿಗೆ 400 ರೂಪಾಯಿ ದಾಟಿದ್ದು ನೆನಪಿದೆ, ಹಾಗಾಗಿ ಈಗ ಕಮ್ಮಿ ಇರುವಾಗಲೇ ಎರಡು ಕಿಲೋ ತಂದಿಟ್ಟಿದ್ದೇನೆ. ಈ ಮಳೆಯ ತೇವಕ್ಕೆ ಮೊಳಕೆ ಬರುತ್ತಿದೆ. ಪಕ್ಕದ ಮನೆ ಕಾಕೂ "ಬಿಡಿಸಿ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿ ಇಡು, ತಿಂಗಳಾದರೂ ಕೆಡಲ್ಲ" ಅಂದರು. ಇಡಬಹುದಾ? ಮತ್ತೆ ಇವಳು ಬೆಳಗ್ಗೆ ಡಬ್ಬಿಗೂ ಇದೇ ಪಲ್ಯ ತಗೊಂಡು ಹೋಗುತ್ತಾಳೆ, ವಾಪಸು ಬರುವಾಗ ಲೋಕಲ್‌ನಲ್ಲಿ ಬಾಯಿ ತೆರೆಯೋಕೆ ಮುಜುಗರ ಅಂತಾಳೆ. ಇದಕ್ಕೇನಾದರೂ ಉಪಾಯ?

ಠಾಣೆಯ_ಕೆಮಿಸ್ಟ್ರಿ:

ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಬೇಡ. ಇದೊಂದನ್ನು ತಮಾಷೆ ಇಲ್ಲದೆ ಹೇಳುತ್ತೇನೆ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಅದಕ್ಕೆ ಅಂಟಿರಬಹುದು. ಗಾಳಿ ಇಲ್ಲದ, ಹುಳಿ ಇಲ್ಲದ ಜಾಗ ಸಿಕ್ಕರೆ ಅದು ಬೆಳೆದು ವಿಷ ಬಿಡುತ್ತದೆ, ಎಣ್ಣೆಯ ಬಾಟಲಿ ಅಂಥ ಜಾಗ. ನೋಡಿದರೆ, ಮೂಸಿದರೆ ಏನೂ ಗೊತ್ತಾಗಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ 36 ಮಂದಿಗೆ ಈ ಕಾಯಿಲೆ ಬಂದಿತ್ತು. ಎಣ್ಣೆ ಹಾಕಿ ಇಡಲೇಬೇಕು ಅಂದರೆ ಫ್ರಿಜ್‌ನಲ್ಲಿ ಇಟ್ಟು ನಾಲ್ಕು ದಿನದೊಳಗೆ ಮುಗಿಸಿ. ಅದಕ್ಕಿಂತ ಬಿಡಿಸಿ, ಜಜ್ಜಿ, ಚಮಚದಷ್ಟು ಚಮಚದಷ್ಟು ಉಂಡೆ ಮಾಡಿ ಫ್ರೀಜರ್‌ಗೆ ಹಾಕುವುದು ವಾಸಿ. ಘಾಟು ಸ್ವಲ್ಪ ಇಳಿಯುತ್ತದೆ, ಅಪಾಯ ಇಲ್ಲ. ಉಪ್ಪಿನಕಾಯಿಯ ಕಥೆ ಬೇರೆ, ಅಲ್ಲಿ ಹುಳಿಯೂ ಉಪ್ಪೂ ಕಾಯುತ್ತವೆ.

ಹುಳಿ ಅಂದಾಗ ನೆನಪಾಯಿತು. ನಿಂಬೆರಸ ಬಿದ್ದ ಬೆಳ್ಳುಳ್ಳಿ ಕೆಲವೊಮ್ಮೆ ಹಸಿರು, ನೀಲಿ ಬಣ್ಣಕ್ಕೆ ತಿರುಗುತ್ತದೆ, ಹೆದರಿ ಎಸೆಯಬೇಡಿ. ಗಂಧಕದ ಸಂಯುಕ್ತಗಳೇ ಹುಳಿಯಲ್ಲಿ ಬಣ್ಣ ಕಟ್ಟುವುದು. ಉತ್ತರ ಚೀನಾದಲ್ಲಿ ಬೇಕೆಂದೇ ವಿನೆಗರ್‌ನಲ್ಲಿ ಹಾಕಿ ಪಚ್ಚೆ ಬಣ್ಣ ಬರಿಸಿ ತಿನ್ನುತ್ತಾರೆ.

ಬಾಯಿ ವಾಸನೆಗೆ ಬರೀ ಬ್ರಷ್ ಮಾಡಿದರೆ ಸಾಲದು. ಅಲ್ಲೈಲ್ ಮಿಥೈಲ್ ಸಲ್ಫೈಡ್ ಅನ್ನುವುದು ರಕ್ತಕ್ಕೆ ಸೇರಿ ಉಸಿರಿನಲ್ಲೇ ಹೊರಗೆ ಬರುತ್ತದೆ. ಊಟದ ಜೊತೆಗೇ ಹಾಲು ಕುಡಿದರೆ ಕಮ್ಮಿಯಾಗುತ್ತದೆ, ಕೆನೆ ಇರುವ ಹಾಲಾದರೆ ಇನ್ನೂ ಒಳ್ಳೆಯದು. ಹಸಿ ಸೇಬು, ಪುದೀನ ಎಲೆಯೂ ಸಹಾಯ ಮಾಡುತ್ತವೆ. ಸಂಜೆ ಆರರ ಲೋಕಲ್‌ನಲ್ಲಿ ಯಾರ ಬಾಯಿ ಯಾರದ್ದು ಅಂತ ಗೊತ್ತಾಗುತ್ತದಾ, ಅದು ಬೇರೆ ಪ್ರಶ್ನೆ.

ಮಾಟುಂಗಾದ_ಅಕ್ಕ:

ಎರಡು ಕಿಲೋ ಯಾಕೆ ತಂದಿರಿ, ಇಬ್ಬರಿಗೆ ಪಾವ್ ಕಿಲೋ ಧಾರಾಳ. ಇರಲಿ, ಗಡ್ಡೆ ಬಿಡಿಸದೆ ಜಾಲರಿ ಬುಟ್ಟಿಯಲ್ಲಿ ಗಾಳಿ ಆಡುವ ಕಡೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೂಸು ಹಿಡಿಯುತ್ತದೆ. ಇಡೀ ಗಡ್ಡೆಯನ್ನು ಫ್ರಿಜ್‌ಗೆ ಹಾಕಿದರೆ ಮೊಳಕೆ ಇನ್ನೂ ಬೇಗ ಬರುತ್ತದೆ. ಮೊಳಕೆ ಬಂದದ್ದು ಕೆಟ್ಟಿಲ್ಲ, ಎಸಳು ಸೀಳಿ ಒಳಗಿನ ಹಸಿರು ಕುಡಿ ತೆಗೆದುಹಾಕಿ, ಕಹಿ ಇರುವುದು ಅದರಲ್ಲಿ. ತುಂಬಾ ಮೊಳೆತದ್ದನ್ನು ಕಿಟಕಿ ಗ್ರಿಲ್‌ನಲ್ಲಿರುವ ಕುಂಡದಲ್ಲಿ ಚೂಪು ತುದಿ ಮೇಲೆ ಮಾಡಿ ಊರಿ. ಒಂದು ಗೇಣು ಎಲೆ ಬಂದ ಮೇಲೆ ಕತ್ತರಿಸಿ ಆಮ್ಲೆಟ್‌ಗೋ ಚಟ್ನಿಗೋ ಹಾಕಬಹುದು. ಡಿಸೆಂಬರ್ ಜನವರಿಯಲ್ಲಿ ಹಸಿರು ಬೆಳ್ಳುಳ್ಳಿ ಕಟ್ಟುಗಟ್ಟಲೆ ಮಾರ್ಕೆಟ್‌ಗೇ ಬರುತ್ತದೆ, ಗುಜರಾತಿಗಳು ಉಂಧಿಯುಗೆ ಹಾಕುವುದು ಅದನ್ನೇ. ಆಗ ತಪ್ಪದೆ ತನ್ನಿ, ಹಸಿ ಅವರೆಕಾಳಿಗೆ ಅದರಷ್ಟು ಹೊಂದುವುದು ಇನ್ನೊಂದಿಲ್ಲ.

ಇನ್ನೊಂದು ಹೇಳಲೇಬೇಕು. ಲೋಕಲ್‌ನ ಕಿಟಕಿಯಿಂದ ಹಳಿ ಪಕ್ಕದಲ್ಲಿ ಪಾಲಕ್, ಮಾಠ ಬೆಳೆದಿರುವುದು ಕಾಣುತ್ತದಲ್ಲ, ಹತ್ತಿರದಲ್ಲೇ ಕೊಳಚೆ ನಾಲೆಯೂ ಇರುತ್ತದೆ. ಆ ನೀರು ಕುಡಿದು ಬೆಳೆದ ಸೊಪ್ಪಿನೊಳಗೆ ಸೇರಿದ್ದು ಎಷ್ಟು ತೊಳೆದರೂ ಹೋಗಲ್ಲ. ಮಾರುವವರನ್ನು ಎಲ್ಲಿಯದು ಅಂತ ಕೇಳಿ. ಹೇಳಲು ತಡವರಿಸಿದರೆ ಮುಂದಿನ ಗಾಡಿಗೆ ಹೋಗಿ. ವಿಪರೀತ ಮಳೆ ಬಂದ ವಾರ ನಾನು ಸೊಪ್ಪು ತರುವುದೇ ಇಲ್ಲ, ಕೊಳೆತದ್ದೇ ಜಾಸ್ತಿ ಇರುತ್ತದೆ. ಆ ವಾರ ತೊಂಡೆಕಾಯಿ. ಉದ್ದಕ್ಕೆ ಸೀಳಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ ಮುಚ್ಚಿ ಬೇಯಿಸಿ ಕೊನೆಗೆ ಕಾಯಿತುರಿ.

ನಾಲ್ಕನೇ_ಮಹಡಿ (ಡೊಂಬಿವಲಿ):

ಕಾಕೂಗೆ ಬಾಟಲಿ ವಿಷಯ ಹೇಗೆ ಹೇಳಲಿ ಅಂತ ಯೋಚನೆ ಮಾಡುತ್ತಿದ್ದೇನೆ, ಅವರ ಮನೆಯಲ್ಲಿ ಒಂದು ದೊಡ್ಡ ಬಾಟಲಿಯೇ ಇದೆ. ಬಸಳೆ ಎಲ್ಲಿ ಸಿಗುತ್ತದೆ? ಡೊಂಬಿವಲಿ ಮಾರ್ಕೆಟ್‌ನಲ್ಲಿ ಕಾಣಲಿಲ್ಲ.

ಉಡುಪಿಯಿಂದ_ವಸಾಯಿಗೆ:

ಸಾದಾ ಮಾರ್ಕೆಟ್‌ನಲ್ಲಿ ಹುಡುಕಬೇಡಿ, ಮಂಗಳೂರು ಸ್ಟೋರ್ ಅಂತ ಬೋರ್ಡ್ ಇರುವ ಅಂಗಡಿಗಳಲ್ಲಿ ಕೇಳಿ. ಊರಿನಿಂದ ಬಸ್ಸಿನಲ್ಲಿ ಸಾಮಾನು ಬರುವ ದಿನ ಯಾವುದು ಅಂತ ವಿಚಾರಿಸಿ ಅವತ್ತೇ ಹೋಗಿ, ಮಾರನೇ ದಿನಕ್ಕೆ ಉಳಿಯಲ್ಲ. ದಂಟು ಸಮೇತ ತನ್ನಿ. ಎಲೆ ಬಿಡಿಸಿದ ಮೇಲೆ ಉಳಿದ ದಪ್ಪ ದಂಟಿನ ಒಂದೆರಡು ತುಂಡು ಕುಂಡದಲ್ಲಿ ಊರಿದರೆ ಚಿಗುರುತ್ತದೆ, ಆಮೇಲೆ ಅಂಗಡಿಗೆ ಅಲೆಯುವ ಕೆಲಸ ಇಲ್ಲ. ಕಾಕೂಗೆ ಕೆಮಿಸ್ಟ್ರಿ ಸರ್ ಬರೆದದ್ದನ್ನು ಮರಾಠಿಯಲ್ಲಿ ಓದಿ ಹೇಳಿ ಮಾರಾಯ್ರೆ, ಇವತ್ತೇ ಹೇಳಿ.